ಬಿಲ್ ಜೊತೆ ಸೆಷನ್ ಟಿಪ್ಪಣಿ ಲಗತ್ತಿಸಬೇಕೇ? ಸಮಾಲೋಚಕರು ಮತ್ತು ಮನೋವೈದ್ಯರು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು ನಗರ, ತಿಪಟೂರು, ಶಿರಾ, ಮಧುಗಿರಿ ಕಡೆ ಸ್ವಂತ ಕ್ಲಿನಿಕ್ಕೋ ಒಂದು ರೂಮಿನ ಸಮಾಲೋಚನಾ ಕೇಂದ್ರವೋ ನಡೆಸುವವರಿಗಾಗಿ ಈ ಪುಟ. ಬೆಂಗಳೂರಿನ ಕಂಪನಿಗಳಿಗೆ ದಿನಾ ರೈಲಿನಲ್ಲಿ ಹೋಗಿಬರುವವರು, ವಸಂತನರಸಾಪುರದ ಕಾರ್ಖಾನೆಗಳಲ್ಲಿ ದುಡಿಯುವವರು ಕೌನ್ಸೆಲಿಂಗ್ ಖರ್ಚನ್ನು ಕಂಪನಿಯಿಂದಲೋ ವಿಮೆಯಿಂದಲೋ ವಾಪಸ್ ಪಡೆಯಲು ಬಿಲ್ ಕೇಳುತ್ತಾರೆ. ಅದರ ಬೆನ್ನಿಗೇ ‘ಜೊತೆಗೆ ಡೀಟೇಲ್ಸೂ ಹಾಕಿಕೊಡಿ’ ಅನ್ನುವ ಮಾತು ಬರುತ್ತದೆ. ಗೊಂದಲ ಶುರುವಾಗುವುದು ಅಲ್ಲಿ.

ಸುತ್ತಿಬಳಸದೆ ಹೇಳಿ: ಟಿಪ್ಪಣಿ ಹಾಕಬೇಕೋ ಬೇಡವೋ?

ಬೇಡ. ಬಿಲ್ ಊರೆಲ್ಲ ಸುತ್ತುವ ಕಾಗದ. ರಿಸೆಪ್ಷನ್‌ನಿಂದ ಬಂದವರ ಕೈಗೆ, ಅಲ್ಲಿಂದ ಮನೆಯ ಟಿವಿ ಸ್ಟ್ಯಾಂಡ್ ಮೇಲಕ್ಕೆ, ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಗೆ, ಎಚ್‌ಆರ್ ಮೇಜಿಗೆ, ವಿಮೆಯ ಟಿಪಿಎ (ವಿಮಾ ಕಂಪನಿ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ) ಕಚೇರಿಗೆ, ಮಾರ್ಚ್ ಕಳೆದ ಮೇಲೆ ಆಡಿಟರ್ ಆಫೀಸಿನ ಹುಡುಗನ ಕೈಗೆ. ಇಷ್ಟು ಕೈ ದಾಟುವ ಕಾಗದಕ್ಕೆ ‘ಅತ್ತೆ ಜೊತೆ ಜಗಳ, ರಾತ್ರಿ ನಿದ್ದೆ ಇಲ್ಲ, ಸಾಯುವ ಯೋಚನೆ ಬಂದಿತ್ತು’ ಅನ್ನುವ ಹಾಳೆಯನ್ನು ಪಿನ್ ಹೊಡೆದರೆ ಅದೂ ಅಷ್ಟೇ ಕೈ ದಾಟುತ್ತದೆ. ಪುರಾವೆ ಬೇಕಾದವರಿಗೆ ಪುರಾವೆ ಕೊಡುವ ಬೇರೆ ದಾರಿಗಳಿವೆ. ಈ ಪುಟದಲ್ಲಿ ಹೆಚ್ಚಿನಂಶ ಅವುಗಳದ್ದೇ ಮಾತು.

ಕಾನೂನು ಏನನ್ನುತ್ತದೆ?

2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 23ನೇ ಸೆಕ್ಷನ್ ಪ್ರಕಾರ ಮಾನಸಿಕ ಕಾಯಿಲೆ ಇರುವವರ ಆರೋಗ್ಯ, ಚಿಕಿತ್ಸೆಯ ವಿವರ ಗೋಪ್ಯವಾಗಿ ಉಳಿಯಬೇಕು. ಅದು ಅವರ ಹಕ್ಕು. ವಿನಾಯಿತಿಗಳನ್ನೂ ಅಲ್ಲೇ ಪಟ್ಟಿ ಮಾಡಿದ್ದಾರೆ: ನಾಮನಿರ್ದೇಶಿತ ಪ್ರತಿನಿಧಿ (ಚಿಕಿತ್ಸೆಯ ವಿಷಯದಲ್ಲಿ ರೋಗಿಯ ಪರವಾಗಿ ನಿಲ್ಲುವವರು) ತಮ್ಮ ಹೊಣೆ ನಿಭಾಯಿಸಲು ಬೇಕಾದಷ್ಟು, ಚಿಕಿತ್ಸೆಗೆ ನೆರವಾಗುವ ಇನ್ನೊಬ್ಬ ವೈದ್ಯರಿಗೆ, ಬೇರೊಬ್ಬರಿಗೆ ಅಪಾಯ ತಪ್ಪಿಸಲು ಬೇಕಾದಷ್ಟು, ಜೀವಕ್ಕೆ ಅಪಾಯವಿದ್ದಾಗ, ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಯ ಅಥವಾ ನ್ಯಾಯಾಲಯದಂಥ ಅಧಿಕಾರವುಳ್ಳ ಸಂಸ್ಥೆಯ ಆದೇಶವಿದ್ದಾಗ, ಸಾರ್ವಜನಿಕ ಸುರಕ್ಷತೆಯ ಪ್ರಶ್ನೆ ಬಂದಾಗ. ಬಿಲ್ ಪಾಸ್ ಮಾಡಿಸುವುದು ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಕಾಯ್ದೆ ಮೀರಿದರೆ 108ನೇ ಸೆಕ್ಷನ್ ಇದೆ. ಮೊದಲ ಸಲ ಆರು ತಿಂಗಳವರೆಗೆ ಜೈಲು, ಇಲ್ಲವೇ ₹10,000ವರೆಗೆ ದಂಡ, ಅಥವಾ ಎರಡೂ. ‘ನಮ್ಮ ಹತ್ತಿರ ಬರೋರಿಗೆ ಕಾಯಿಲೆ ಇಲ್ಲ, ಬರೀ ಸಂಸಾರದ ಸಮಸ್ಯೆ’ ಎಂದು ಕೆಲವು ಸಮಾಲೋಚಕರು ಇದರಿಂದ ತಮ್ಮನ್ನು ಹೊರಗಿಟ್ಟುಕೊಳ್ಳುತ್ತಾರೆ. ಗುಟ್ಟು ಕಾಯುವ ವೃತ್ತಿಧರ್ಮ ಕಾಯಿಲೆ ಇದ್ದವರಿಗೂ ಇಲ್ಲದವರಿಗೂ ಒಂದೇ.

ಹಾಗಾದರೆ ಬಿಲ್‌ನಲ್ಲಿ ಏನೇನಿರಬೇಕು?

ಹಣ ಯಾಕೆ ಕೊಟ್ಟರು, ಯಾವಾಗ, ಎಷ್ಟು, ಯಾರಿಗೆ ಅನ್ನುವುದಕ್ಕೆ ಉತ್ತರ ಸಿಕ್ಕರೆ ಸಾಕು. ಕೆಳಗಿನ ಮಾದರಿ ಬಹುತೇಕ ಕಡೆ ನಡೆಯುತ್ತದೆ:

ಬಿಲ್ ಸಂಖ್ಯೆ: 0147/2025-26
ದಿನಾಂಕ: 31-10-2025
ಹೆಸರು: (ಕಂಪನಿ ದಾಖಲೆಯಲ್ಲಿರುವಂತೆ)
ನೋಂದಣಿ ಕ್ರಮಾಂಕ: ಸಿ-212
ಸೇವೆ: ವೃತ್ತಿಪರ ಸಮಾಲೋಚನೆ, ಪ್ರತಿ ಸಲ 50 ನಿಮಿಷ
ಸೇವೆ ನೀಡಿದ ದಿನಗಳು: ಅಕ್ಟೋಬರ್ 3, 10, 17, 24
ದರ: ₹900 × 4 = ₹3,600
ಪಾವತಿ: ಯುಪಿಐ ಮೂಲಕ ಸಂದಾಯವಾಗಿದೆ
ಸಹಿ, ವಿದ್ಯಾರ್ಹತೆ, ವೃತ್ತಿ ನೋಂದಣಿ ಸಂಖ್ಯೆ

ಕ್ಲೇಮ್ ತಿರುಗಿ ಬರುವುದು ಹೆಚ್ಚಾಗಿ ಟಿಪ್ಪಣಿ ಇಲ್ಲದ್ದಕ್ಕಲ್ಲ, ಈ ಮಾದರಿಯಲ್ಲಿನ ಮೂರು ಸಾಲು ಕೆಡುವುದರಿಂದ. ಮೊದಲನೆಯದು ಹೆಸರು. ನಮ್ಮ ಕಡೆ ಇನಿಷಿಯಲ್ ಒಂದು ದಾಖಲೆಯಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ. ಆಧಾರ್‌ನಲ್ಲಿ ‘ನಾಗರಾಜು ಟಿ.ಎಸ್.’, ಸಂಬಳದ ಚೀಟಿಯಲ್ಲಿ ‘ಟಿ.ಎಸ್. ನಾಗರಾಜ’. ಮೊದಲ ಭೇಟಿಯಲ್ಲೇ ‘ಕಂಪನಿಯಲ್ಲಿ ನಿಮ್ಮ ಹೆಸರು ಹೇಗಿದೆ?’ ಎಂದು ಕೇಳಿ ಹಾಗೇ ಬರೆದುಕೊಳ್ಳಿ. ಎರಡನೆಯದು ದಿನಗಳು. ‘ಅಕ್ಟೋಬರ್ ತಿಂಗಳ ಸಮಾಲೋಚನೆ ₹3,600’ ಎಂದು ಒಟ್ಟಾಗಿ ಬರೆದ ಬಿಲ್ ನೋಡಿದ ಕೂಡಲೇ ಎಚ್‌ಆರ್ ‘ಬ್ರೇಕಪ್ ಕೊಡಿ’ ಅನ್ನುತ್ತಾರೆ. ಆ ‘ಬ್ರೇಕಪ್’ ಅನ್ನುವ ಮಾತನ್ನೇ ಕೆಲವರು ಸೆಷನ್ ವಿವರ ಎಂದುಕೊಂಡು ಟಿಪ್ಪಣಿ ಕಳಿಸಿಬಿಡುತ್ತಾರೆ. ಅವರು ಕೇಳಿದ್ದು ದಿನಾಂಕವಾರು ಮೊತ್ತ, ಅಷ್ಟೇ. ಮೂರನೆಯದು ನಿಮ್ಮ ನೋಂದಣಿ ಸಂಖ್ಯೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ಸಿಆರ್‌ಆರ್ ಸಂಖ್ಯೆ. ಮನೋವೈದ್ಯರಾದರೆ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ. ವೈದ್ಯರು ಇದನ್ನು ಹಣದ ರಸೀದಿಯ ಮೇಲೂ ಹಾಕಬೇಕೆಂದು 2002ರ ವೈದ್ಯಕೀಯ ವೃತ್ತಿ ನಿಯಮಗಳೇ ಹೇಳುತ್ತವೆ.

ಬಾರದೇ ಇದ್ದ ದಿನದ ಶುಲ್ಕವನ್ನು ಹೇಗೆ ತೋರಿಸುವುದು?

ಬೇರೆ ಸಾಲಿನಲ್ಲಿ, ‘ರದ್ದಾದ ಭೇಟಿಯ ಶುಲ್ಕ’ ಎಂದು. ಅದನ್ನು ಸಮಾಲೋಚನೆ ಎಂದು ಬರೆದರೆ ನಡೆಯದ ಸೇವೆಗೆ ಬಿಲ್ ಕೊಟ್ಟಂತೆ. ನಾಳೆ ಯಾರಾದರೂ ಹಾಜರಿ ಪುಸ್ತಕ ಕೇಳಿದರೆ ಸಿಕ್ಕಿಬೀಳುವವರು ನೀವು.

ಗುಟ್ಟು ಉಳಿಯಲೆಂದು ‘ಜನರಲ್ ಚೆಕಪ್’, ‘ಫಿಸಿಯೋಥೆರಪಿ’ ಎಂದು ಬರೆಯಬಹುದೇ?

ಖಂಡಿತ ಬೇಡ. ಕಡಿಮೆ ಹೇಳುವುದು ಬೇರೆ, ಸುಳ್ಳು ಹೇಳುವುದು ಬೇರೆ. ‘ವೃತ್ತಿಪರ ಸಮಾಲೋಚನೆ’ ಕಡಿಮೆ ಹೇಳುತ್ತದೆ, ಆದರೆ ನಿಜ. ‘ಜನರಲ್ ಚೆಕಪ್’ ಸುಳ್ಳು ಬಿಲ್. ಕ್ಲೇಮ್ ಮಾಡಿದವರ ಕೆಲಸಕ್ಕೇ ಅದು ಕುತ್ತು ತರಬಹುದು.

ರೋಗದ ಹೆಸರಾದರೂ ಹಾಕಬೇಕಲ್ಲವೇ? ಐಸಿಡಿ ಕೋಡ್ (ಪ್ರತಿ ರೋಗಕ್ಕೂ ಕೊಟ್ಟಿರುವ ಅಂತರರಾಷ್ಟ್ರೀಯ ಸಂಕೇತ) ಹಾಕಿದರೆ ಯಾರಿಗೂ ಗೊತ್ತಾಗಲ್ಲ ಅಂತಾರೆ.

ಗೊತ್ತಾಗುತ್ತದೆ. ಎಫ್10.2 ಎಂದು ಮೊಬೈಲಿನಲ್ಲಿ ಹುಡುಕಿದರೆ ಮದ್ಯದ ಚಟ ಎಂದು ಒಂದು ಸೆಕೆಂಡಿನಲ್ಲಿ ಬರುತ್ತದೆ; ಎಫ್32 ಅಂದರೆ ಖಿನ್ನತೆ, ಎಫ್41.1 ಅಂದರೆ ಆತಂಕದ ಕಾಯಿಲೆ. ಕೋಡ್ ಬೀಗವಲ್ಲ, ಪರದೆ. ಬಿಲ್‌ಗೆ ಕೋಡ್ ಹಾಕಲೇಬೇಕೆಂದು ಪಾವತಿಸುವ ಸಂಸ್ಥೆ ಲಿಖಿತವಾಗಿ ಕೇಳಿದರೆ ಮಾತ್ರ, ಬಂದವರ ಒಪ್ಪಿಗೆ ಪಡೆದು ಹಾಕಿ. ಅದನ್ನೂ ಬಿಲ್‌ನಲ್ಲಿ ಹಾಕುವ ಬದಲು ಪ್ರತ್ಯೇಕ ಪ್ರಮಾಣಪತ್ರದಲ್ಲಿ ಕೊಡುವುದು ಮೇಲು. ಆಗ ಆಡಿಟರ್‌ಗೆ ಹೋಗುವ ಬಿಲ್ ಪ್ರತಿಯಲ್ಲಿ ಅದಿರುವುದಿಲ್ಲ.

ಇನ್ನೊಂದು ಮಾತು. ರೋಗನಿರ್ಣಯ ಮಾಡುವ ಅರ್ಹತೆ ಇಲ್ಲದ ಸಮಾಲೋಚಕರು, ಕ್ಲೇಮ್‌ಗೆ ಬೇಕು ಅಂದರೆಂದು, ಬಿಲ್ ಮೇಲೆ ‘ಡಿಪ್ರೆಶನ್’ ಎಂದು ಬರೆದುಕೊಡಬೇಡಿ. ಆ ಒಂದು ಪದ ಮುಂದೆ ವಿಮೆ ತೆಗೆಸುವಾಗ ‘ಮೊದಲೇ ಇದ್ದ ಕಾಯಿಲೆ’ ಎಂದು ಎದುರಿಗೆ ಬಂದು ನಿಲ್ಲುತ್ತದೆ.

ಕಂಪನಿಯ ಎಚ್‌ಆರ್ ಫೋನ್ ಮಾಡಿ ಸೆಷನ್ ರಿಪೋರ್ಟ್ ಕೇಳುತ್ತಾರೆ. ಏನು ಹೇಳುವುದು?

ಫೋನಿನಲ್ಲಿ ಏನೂ ಹೇಳಬೇಡಿ. ‘ಅವರು ನಮ್ಮಲ್ಲಿ ಬರುತ್ತಾರೆ’ ಅನ್ನುವುದನ್ನೂ. ‘ನಿಮಗೆ ಏನು ಬೇಕೋ ಅದನ್ನು ನಿಮ್ಮ ಸಿಬ್ಬಂದಿಗೆ ಮೇಲ್ ಮಾಡಿ ಸರ್, ಅವರು ತಂದು ಕೊಟ್ಟರೆ ನೋಡಿ ಕೊಡುತ್ತೇವೆ’ ಎಂದು ಹೇಳಿ ಇಟ್ಟುಬಿಡಿ. ಆ ಮೇಲ್ ಬಂದ ಮೇಲೆ ಹತ್ತರಲ್ಲಿ ಎಂಟು ಸಲ ಬೇಕಾಗಿರುವುದು ಹಾಜರಿ ದೃಢೀಕರಣ ಪತ್ರ ಮಾತ್ರ ಎಂದು ತಿಳಿಯುತ್ತದೆ. ಲೆಟರ್‌ಹೆಡ್ ಮೇಲೆ ಹೀಗೆ ಬರೆದರೆ ಸಾಕು:

‘ಮೇಲ್ಕಂಡವರು ದಿನಾಂಕ 3, 10, 17 ಮತ್ತು 24 ಅಕ್ಟೋಬರ್ 2025ರಂದು ನಮ್ಮಲ್ಲಿ ವೃತ್ತಿಪರ ಸೇವೆ ಪಡೆದಿರುತ್ತಾರೆ. ಬಿಲ್ ಸಂಖ್ಯೆ 0147ರ ಮೊತ್ತ ಈ ಸೇವೆಗೆ ಸಂಬಂಧಿಸಿದ್ದು. ಅವರ ಕೋರಿಕೆಯ ಮೇರೆಗೆ ಈ ಪತ್ರ ನೀಡಲಾಗಿದೆ.’

ಕೆಲಸಕ್ಕೆ ಮರಳಲು ಯೋಗ್ಯರೇ ಎಂಬ ಫಿಟ್‌ನೆಸ್ ಪ್ರಮಾಣಪತ್ರ ಬೇರೆಯೇ ಸಂಗತಿ. ಅದನ್ನು ಕೊಡಬೇಕಾದವರು ವೈದ್ಯರು, ಬಿಲ್‌ಗೂ ಅದಕ್ಕೂ ನಂಟಿಲ್ಲ. ಲೆಟರ್‌ಹೆಡ್ಡೂ ಮಾತಾಡುತ್ತದೆ, ಮರೆಯಬೇಡಿ. ಕ್ಲಿನಿಕ್ ಹೆಸರಿನ ಕೆಳಗೆ ‘ಮದ್ಯವ್ಯಸನ, ದಾಂಪತ್ಯ ಸಮಸ್ಯೆ, ಲೈಂಗಿಕ ಸಮಸ್ಯೆಗಳಿಗೆ’ ಎಂದು ಅಚ್ಚಾಗಿದ್ದರೆ ಬಿಲ್‌ನಲ್ಲಿ ನೀವು ಎಷ್ಟು ಜಾಗರೂಕರಾಗಿದ್ದೂ ಪ್ರಯೋಜನವಿಲ್ಲ. ಬಿಲ್ ಪುಸ್ತಕಕ್ಕೆ ಸಾದಾ ಹೆಸರಿನ ಲೆಟರ್‌ಹೆಡ್ ಬೇರೆ ಮಾಡಿಸಿ.

ವಿಮೆಯವರು ಬಿಡುವುದಿಲ್ಲ. ಇಡೀ ಕೇಸ್‌ಶೀಟ್ ಕೇಳುತ್ತಾರೆ.

ಇಲ್ಲಿ ಎರಡು ಸಂದರ್ಭಗಳನ್ನು ಬೇರ್ಪಡಿಸಬೇಕು.

ಹೊರರೋಗಿಯಾಗಿ ಬಂದವರ ಖರ್ಚು ಬಹಳಷ್ಟು ಪಾಲಿಸಿಗಳಲ್ಲಿ ಇರುವುದೇ ಇಲ್ಲ. ಇದ್ದರೆ ಓಪಿಡಿ ಸೌಲಭ್ಯ ಎಂದು ಬೇರೆ ಬರೆದಿರುತ್ತಾರೆ. ಅದಕ್ಕೆ ಕೇಳುವುದು ಬಿಲ್, ರಸೀದಿ, ವೈದ್ಯರ ಚೀಟಿ. ಬಿಲ್ ಹಾಕುವ ಮೊದಲೇ ಪಾಲಿಸಿಯಲ್ಲಿ ಈ ಸೌಲಭ್ಯ ಇದೆಯೇ ಎಂದು ನೋಡಿಕೊಳ್ಳಲು ಬಂದವರಿಗೆ ಹೇಳಿ. ಇಲ್ಲದ ಸೌಲಭ್ಯಕ್ಕೆ ಕಾಗದ ಕಳಿಸಿ, ಹಣವೂ ಬಾರದೆ, ವಿವರ ಮಾತ್ರ ವಿಮಾ ಕಡತ ಸೇರಿದವರು ಎಷ್ಟೋ ಜನ.

ಒಳರೋಗಿಯಾಗಿ ದಾಖಲಾಗಿದ್ದರೆ ಮಾತು ಬೇರೆ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯ ಹಾಗೆಯೇ ವಿಮೆ ಇರಬೇಕೆಂದು 2017ರ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಕ್ಲೇಮ್‌ಗಳು ಬರುತ್ತವೆ, ಡಿಸ್ಚಾರ್ಜ್ ಸಾರಾಂಶದ ಜೊತೆ ಟಿಪಿಎ ಕಡೆಯಿಂದ ‘ಐಸಿಪಿ ಕಳಿಸಿ’ ಎಂಬ ಪತ್ರವೂ ಬರುತ್ತದೆ. ಐಸಿಪಿ ಎಂದರೆ ವಾರ್ಡಿನ ಕಡತ: ವೈದ್ಯರ ದಿನದ ಬರಹ, ನರ್ಸ್ ಚಾರ್ಟ್, ಔಷಧಿ ಪಟ್ಟಿ. ತಪ್ಪು ಆಗುವುದು ಇಲ್ಲೇ. ಥೆರಪಿಸ್ಟ್ ಬರೆದ ಸೆಷನ್ ಟಿಪ್ಪಣಿ ಅದೇ ಕಡತದ ನಡುವೆ ಸೇರಿಕೊಂಡಿರುತ್ತದೆ; ಜೆರಾಕ್ಸ್ ಮಾಡುವ ಹುಡುಗ ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಓಡಿಸಿಬಿಡುತ್ತಾನೆ. ಅವನ ತಪ್ಪೇನೂ ಇಲ್ಲ. ಟಿಪ್ಪಣಿಗೆ ಮೊದಲ ದಿನದಿಂದಲೇ ಬೇರೆ ಬಣ್ಣದ ಕಡತ, ಬೇರೆ ಬೀರು ಇಡಿ. ವಾರ್ಡಿನ ಕಡತದಲ್ಲಿ ‘ಸೆಷನ್ 4 ನಡೆಯಿತು, 45 ನಿಮಿಷ, ಸಹಕರಿಸಿದರು, ಮುಂದಿನ ಸೆಷನ್ ಗುರುವಾರ’ ಎಂಬಷ್ಟೇ ಸಾಲು ಇರಲಿ.

ಟಿಪಿಎ ಮತ್ತೂ ಕೇಳಿದರೆ ಒಂದು ಪುಟದ ಚಿಕಿತ್ಸಾ ಸಾರಾಂಶ ಬರೆದುಕೊಡಿ: ಯಾವಾಗಿಂದ ಯಾವಾಗಿನವರೆಗೆ, ಯಾವ ನಿರ್ಣಯ, ಯಾವ ಬಗೆಯ ಚಿಕಿತ್ಸೆ, ಎಷ್ಟು ಸೆಷನ್, ಈಗ ಹೇಗಿದ್ದಾರೆ. ಮನೆಮಂದಿಯ ಹೆಸರು, ಜಗಳ, ಹಳೆಯ ಪ್ರೇಮ, ಕೆಲಸದ ಜಾಗದ ದೂರು ಯಾವುದೂ ಅಲ್ಲಿ ಬೇಡ.

ಟಿಪ್ಪಣಿ ಅಂದರೆ ನಿಖರವಾಗಿ ಯಾವುದು? ಎಲ್ಲವನ್ನೂ ಮುಚ್ಚಿಡಬೇಕೇ?

ಎಲ್ಲವೂ ಒಂದೇ ಅಲ್ಲ. ಈ ವಿಷಯದಲ್ಲಿ ಅಮೆರಿಕದ ಹಿಪಾ (ಆರೋಗ್ಯ ಮಾಹಿತಿಯ ಗೋಪ್ಯತೆ ಕಾಯುವ ಕಾನೂನು) ನಿಯಮಗಳು ಎಳೆದ ಗೆರೆ ನಮಗೂ ಉಪಯೋಗಕ್ಕೆ ಬರುತ್ತದೆ, ಆ ಕಾನೂನು ನಮಗೆ ಅನ್ವಯಿಸದಿದ್ದರೂ. ಅಲ್ಲಿ ಸಂಭಾಷಣೆಯಲ್ಲಿ ಆಡಿದ ಮಾತಿನ ವಿಶ್ಲೇಷಣೆಯನ್ನು, ಉಳಿದ ಕಡತದಿಂದ ಬೇರೆಯಾಗಿ ಇಟ್ಟಿದ್ದರೆ, ‘ಸೈಕೋಥೆರಪಿ ನೋಟ್ಸ್’ ಎಂದು ಪ್ರತ್ಯೇಕವಾಗಿ ಕಾಯುತ್ತಾರೆ. ಸೆಷನ್ ಶುರುವಾದ, ಮುಗಿದ ಹೊತ್ತು, ಚಿಕಿತ್ಸೆಯ ಬಗೆ ಮತ್ತು ಎಷ್ಟು ದಿನಕ್ಕೊಮ್ಮೆ, ಪರೀಕ್ಷೆಗಳ ಫಲಿತಾಂಶ, ನಿರ್ಣಯದ ಸಾರ, ಚಿಕಿತ್ಸಾ ಯೋಜನೆ, ಲಕ್ಷಣ, ಪ್ರಗತಿ ಇವು ಆ ಗುಂಪಿಗೆ ಸೇರುವುದಿಲ್ಲ.

ಇದನ್ನು ನಮ್ಮ ಮೇಜಿಗೆ ತಂದರೆ ಮೂರು ಪದರ ಆಗುತ್ತದೆ. ಹೊತ್ತು ಮತ್ತು ದಿನಾಂಕ ಬಿಲ್‌ಗೆ. ನಿರ್ಣಯ, ಯೋಜನೆ, ಪ್ರಗತಿ ಚಿಕಿತ್ಸಾ ದಾಖಲೆಗೆ. ಕೇಳಿದಾಗ, ಒಪ್ಪಿಗೆ ಇದ್ದಾಗ ಸಾರಾಂಶವಾಗಿ ಹೊರಬರಬಹುದು. ‘ಅಪ್ಪನ ಬಗ್ಗೆ ಹೇಳುವಾಗ ಕೈ ನಡುಗಿತು, ಇದನ್ನು ಮುಂದಿನ ಸಲ ಕೆದಕಬೇಕು’ ಎಂಬಂಥ ಸಾಲು ನಿಮ್ಮ ಬೀರುವಿನಲ್ಲೇ ಉಳಿಯಬೇಕು. ಮೂರನ್ನೂ ಒಂದೇ ನೋಟ್‌ಬುಕ್‌ನಲ್ಲಿ ಗೀಚುವ ಅಭ್ಯಾಸ ಇದ್ದರೆ ಮೊದಲು ಅದನ್ನು ಬಿಡಿ. ಲಗತ್ತಿಸುವ ತಪ್ಪಿಗೆ ಅರ್ಧ ಕಾರಣ ಆ ನೋಟ್‌ಬುಕ್.

ನಾವು ಬಳಸುವ ಆಪ್‌ನಲ್ಲಿ ‘ಅಟ್ಯಾಚ್ ನೋಟ್’ ಎಂಬ ಗುಂಡಿಯೇ ಇದೆಯಲ್ಲ?

ಇಂಥ ಸಾಫ್ಟ್‌ವೇರ್ ಬಹುಪಾಲು ಹೊರದೇಶದ ವಿಮಾ ಪದ್ಧತಿಗೆ ಮಾಡಿದ್ದು. ಅದಕ್ಕೇ ಅದರ ಬಿಲ್ ನಮೂನೆಯಲ್ಲಿ 90834, 90837 ಎಂಬ ಸಂಖ್ಯೆಗಳೂ ಕಾಣುತ್ತವೆ. ಅವು ಅಮೆರಿಕದ ಬಿಲ್ಲಿಂಗ್‌ನಲ್ಲಿ 45 ಮತ್ತು 60 ನಿಮಿಷದ ಥೆರಪಿಗೆ ಕೊಟ್ಟ ಕೋಡ್‌ಗಳು. ಅಲ್ಲಿರುವ ಮಗನ ವಿಮೆಗೆ ಕಳಿಸಬೇಕಾದ ಅಪರೂಪದ ಸಂದರ್ಭ ಬಿಟ್ಟರೆ ಇಲ್ಲಿ ಅವು ಯಾರಿಗೂ ಬೇಡ.

ಸೆಟ್ಟಿಂಗ್ಸ್‌ಗೆ ಹೋಗಿ ಮೂರು ಕಡೆ ನೋಡಿ. ಬಿಲ್ ಕಳಿಸುವಾಗ ಟಿಪ್ಪಣಿ ತಾನಾಗಿಯೇ ಸೇರುವ ಆಯ್ಕೆ ಆನ್ ಆಗಿದ್ದರೆ ಆಫ್ ಮಾಡಿ. ಭೇಟಿಯ ‘ಡಿಸ್ಕ್ರಿಪ್ಷನ್’ ಎಂಬ ಜಾಗದಲ್ಲಿ ನೀವು ಬರೆದದ್ದು ಬಿಲ್‌ನ ಸೇವೆಯ ಸಾಲಿಗೆ ನಕಲಾಗುತ್ತದೆಯೇ ಪರೀಕ್ಷಿಸಿ. ಹಲವರು ಕ್ಯಾಲೆಂಡರಿನಲ್ಲಿ ‘ಪ್ಯಾನಿಕ್, 3ನೇ ಸಲ’ ಎಂದು ಗುರುತಿಟ್ಟುಕೊಂಡಿದ್ದು ಹಾಗೇ ಬಿಲ್‌ನಲ್ಲಿ ಮೂಡಿದೆ. ಕೊನೆಗೆ ರಿಸೆಪ್ಷನ್‌ನವರ ಲಾಗಿನ್‌ಗೆ ಬಿಲ್ ಭಾಗ ಮಾತ್ರ ತೆರೆಯುವಂತೆ ಮಾಡಿ. ಇಷ್ಟಾದ ಮೇಲೆ ನಿಮ್ಮದೇ ಹೆಸರಿನಲ್ಲಿ ಒಂದು ಸುಳ್ಳು ಭೇಟಿ ಸೃಷ್ಟಿಸಿ, ನಿಮಗೇ ಬಿಲ್ ಕಳಿಸಿಕೊಂಡು ನೋಡಿ. ಹತ್ತು ನಿಮಿಷದ ಕೆಲಸ.

ಹಣ ಕೊಡುವುದು ಅಪ್ಪ. ‘ದುಡ್ಡು ನಾನು ಕೊಡ್ತೀನಿ, ಏನು ಮಾತಾಡಿದ್ರಿ ತೋರಿಸಿ’ ಅಂತಾರೆ.

ಹಣ ಕೊಟ್ಟವರಿಗೆ ಸಲ್ಲುವುದು ರಸೀದಿ. ಮಗ ಅಥವಾ ಮಗಳಿಗೆ 18 ತುಂಬಿದ್ದರೆ ಅವರ ಒಪ್ಪಿಗೆ ಇಲ್ಲದೆ ಅದಕ್ಕಿಂತ ಹೆಚ್ಚು ಕೊಡುವಂತಿಲ್ಲ. ನಾಮನಿರ್ದೇಶಿತ ಪ್ರತಿನಿಧಿಯನ್ನು ಬರವಣಿಗೆಯಲ್ಲಿ ನೇಮಿಸಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ. ಫೀಸು ಕೊಟ್ಟ ಮಾತ್ರಕ್ಕೆ ಯಾರೂ ಪ್ರತಿನಿಧಿ ಆಗುವುದಿಲ್ಲ.

ಅಪ್ರಾಪ್ತರಾದರೆ ಪೋಷಕರೇ ಪ್ರತಿನಿಧಿ. ಅವರಿಗೆ ಚಿಕಿತ್ಸೆಯ ದಿಕ್ಕು, ಅಪಾಯದ ಸೂಚನೆ, ಮನೆಯಲ್ಲಿ ಮಾಡಬೇಕಾದ್ದು ತಿಳಿಯಬೇಕು. ಅದನ್ನು ಎದುರು ಕೂರಿಸಿಕೊಂಡು ಹೇಳಿ, ಬಿಲ್‌ಗೆ ಅಂಟಿಸಬೇಡಿ. ‘ನೋಡಿ ಯಜಮಾನ್ರೇ, ಅವಳು ಹೇಳಿದ್ದನ್ನೆಲ್ಲ ಬರೆದು ನಿಮ್ಮ ಕೈಗೆ ಕೊಟ್ಟರೆ ಮುಂದಿನ ವಾರ ಅವಳು ಬಾಯಿ ಬಿಡಲ್ಲ, ನೀವು ಕೊಟ್ಟ ದುಡ್ಡೂ ದಂಡ’ ಅಂದರೆ ಬಹಳ ತಂದೆಯರಿಗೆ ಅರ್ಥವಾಗುತ್ತದೆ. ಸೆಕ್ಷನ್ ಸಂಖ್ಯೆ ಹೇಳಿದರೆ ಜಗಳ ಆಗುತ್ತದೆ.

ಗಂಡ–ಹೆಂಡತಿ ಒಟ್ಟಿಗೆ ಬಂದರೆ ಬಿಲ್ ಯಾರ ಹೆಸರಿಗೆ, ಟಿಪ್ಪಣಿ ಯಾರದ್ದು ಎಂಬುದನ್ನು ಮೊದಲ ದಿನವೇ ಬರೆದು ಇಬ್ಬರ ಸಹಿ ಪಡೆಯಿರಿ. ನಾಳೆ ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲೇರಿದಾಗ ‘ಬಿಲ್ ನನ್ನ ಹೆಸರಲ್ಲಿದೆ, ನೋಟ್ಸ್ ನನಗೆ ಕೊಡಿ’ ಎಂಬ ಮಾತು ಬಂದೇ ಬರುತ್ತದೆ.

ಬಂದವರೇ ತಮ್ಮ ಟಿಪ್ಪಣಿ ಕೇಳಿದರೆ?

ಅವರಿಗೆ ಹಕ್ಕಿದೆ. ಕಾಯ್ದೆಯ 25ನೇ ಸೆಕ್ಷನ್ ಮೂಲಭೂತ (ಬೇಸಿಕ್) ವೈದ್ಯಕೀಯ ದಾಖಲೆ ಪಡೆಯುವ ಹಕ್ಕು ಕೊಡುತ್ತದೆ. ಕೊಟ್ಟರೆ ಅವರಿಗೇ ಗಂಭೀರ ಮಾನಸಿಕ ಹಾನಿ, ಅಥವಾ ಇನ್ನೊಬ್ಬರಿಗೆ ಅಪಾಯ ಆಗಬಹುದು ಎನಿಸಿದ ನಿರ್ದಿಷ್ಟ ಭಾಗವನ್ನು ತಡೆಹಿಡಿಯಬಹುದು. ಹಾಗೆ ತಡೆದರೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ಹೋಗಬಹುದು ಎಂದು ಅವರಿಗೆ ತಿಳಿಸಲೇಬೇಕು. ಒಳರೋಗಿ ದಾಖಲೆಗೆ ನಮೂನೆ ‘ಎ’ಯಲ್ಲಿ ಅರ್ಜಿ ಪಡೆದು 15 ದಿನದೊಳಗೆ ಕೊಡಬೇಕು ಎಂದು 2018ರ ನಿಯಮಗಳಿವೆ.

ಆದರೆ ಇದು ಬಿಲ್ ಜೊತೆ ಹೋಗುವ ಕಾಗದವಲ್ಲ. ಬೇರೆ ಅರ್ಜಿ, ಬೇರೆ ಲಕೋಟೆ, ಅವರ ಕೈಗೇ ಕೊಟ್ಟು ಪುಸ್ತಕದಲ್ಲಿ ಸಹಿ. ಅವರು ಅದನ್ನು ಕಂಪನಿಗೆ ಕೊಡುವುದಾದರೆ ಕೊಡುವುದು ಅವರ ನಿರ್ಧಾರ. ನೀವೇ ನೇರವಾಗಿ ಕಳಿಸಬೇಕೆಂದು ಅವರು ಬಯಸಿದರೆ ಒಪ್ಪಿಗೆ ಪತ್ರ ಕನ್ನಡದಲ್ಲಿ, ಅವರಿಗೆ ಓದಿ ಹೇಳಿ, ಪಡೆಯಿರಿ. ಯಾರಿಗೆ ಕಳಿಸಬೇಕು, ಯಾವ ಕಾಗದ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗಿನದು, ಯಾವ ಉದ್ದೇಶಕ್ಕೆ, ಈ ಒಪ್ಪಿಗೆ ಎಂದಿಗೆ ಮುಗಿಯುತ್ತದೆ ಎಂಬ ಐದೂ ಅದರಲ್ಲಿ ಇರಲಿ. ‘ನನ್ನ ಎಲ್ಲ ದಾಖಲೆಗಳನ್ನು ಸಂಬಂಧಪಟ್ಟವರಿಗೆ ನೀಡಲು ಒಪ್ಪಿರುತ್ತೇನೆ’ ಎಂದು ಮೊದಲ ದಿನದ ಅರ್ಜಿಯ ಕೆಳಗೆ ಸಣ್ಣಕ್ಷರದಲ್ಲಿ ಅಚ್ಚು ಹಾಕಿಸಿದ ಸಾಲನ್ನು ನಾವು ಒಪ್ಪಿಗೆ ಎಂದು ಪರಿಗಣಿಸುವುದಿಲ್ಲ, ನೀವೂ ಪರಿಗಣಿಸಬೇಡಿ.

ವಾಟ್ಸಾಪಿನಲ್ಲಿ ಬಿಲ್ ಕಳಿಸಬಹುದೇ?

ಕಳಿಸದೆ ನಡೆಯುವುದಿಲ್ಲ, ಎಲ್ಲರೂ ಕಳಿಸುತ್ತಾರೆ. ಕಳಿಸುವ ಮುನ್ನ ಫೈಲ್ ಹೆಸರು ನೋಡಿ. ‘ಡಿಪ್ರೆಶನ್_ಸೆಷನ್_7.ಪಿಡಿಎಫ್’ ಎಂದಿದ್ದರೆ ತೆರೆಯುವುದೇ ಬೇಡ, ಹೆಸರೇ ಎಲ್ಲ ಹೇಳಿತು. ಬಿಲ್ ಸಂಖ್ಯೆಯನ್ನೇ ಫೈಲ್ ಹೆಸರಾಗಿ ಇಡಿ. ಪಿಡಿಎಫ್‌ನ ಮೊದಲ ಪುಟ ಚಾಟ್‌ನಲ್ಲೇ ಚಿಕ್ಕದಾಗಿ ಕಾಣುತ್ತದೆ ಅನ್ನುವುದೂ ನೆನಪಿರಲಿ. ಎಷ್ಟೋ ಮನೆಗಳಲ್ಲಿ ಫೋನ್ ಒಂದೇ, ಸಂಜೆ ಮಕ್ಕಳ ಕೈಯಲ್ಲಿ. ಆದ್ದರಿಂದ ಯಾವ ನಂಬರಿಗೆ, ಯಾವ ಹೊತ್ತಿಗೆ ಕಳಿಸಲಿ ಎಂದು ಕೇಳಿ ಬರೆದುಕೊಳ್ಳಿ.

ಪಾಸ್‌ವರ್ಡ್ ಹಾಕುವುದಾದರೆ ಹುಟ್ಟಿದ ದಿನಾಂಕ ಬೇಡ. ಬಿಲ್ಲನ್ನು ಯಾವ ಮನೆಯವರಿಂದ ಬಚ್ಚಿಡಬೇಕೋ ಅವರಿಗೆ ಆ ದಿನಾಂಕ ಮೊದಲೇ ಗೊತ್ತು. ಎದುರಿಗೆ ಕೂತಾಗ ಬಾಯಲ್ಲಿ ಹೇಳಿದ ಒಂದು ಪದ ಸಾಕು.

ಯುಪಿಐ ಪಾವತಿಯಲ್ಲಿ ಏನಾದರೂ ಎಚ್ಚರ?

ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಕಾಣುವ ಹೆಸರು ಬ್ಯಾಂಕ್ ಪಾಸ್‌ಬುಕ್‌ನಲ್ಲೂ ಅಚ್ಚಾಗುತ್ತದೆ. ಷರಾದಲ್ಲಿ ‘ಥೆರಪಿ’ ಎಂದು ಬರೆಯದೆ ಬಿಲ್ ಸಂಖ್ಯೆ ಹಾಕಲು ಹೇಳಿ. ಜಂಟಿ ಖಾತೆ ಇರುವವರಿಗೆ ಇದನ್ನು ಮೊದಲೇ ತಿಳಿಸಿ. ಬೇಕಾದರೆ ನಗದು ಕೊಡಲಿ, ರಸೀದಿ ಕೊಡಿ. ನಗದು ₹5,000 ದಾಟಿದರೆ ರಸೀದಿಗೆ ಒಂದು ರೂಪಾಯಿ ರೆವೆನ್ಯೂ ಸ್ಟಾಂಪ್.

ಆಡಿಟರ್ ಮತ್ತು ಜಿಎಸ್‌ಟಿಗೆ ಟಿಪ್ಪಣಿ ಬೇಕಾಗುತ್ತದೆಯೇ?

ಯಾವುದಕ್ಕೂ ಬೇಡ. 1962ರ ಆದಾಯ ತೆರಿಗೆ ನಿಯಮಾವಳಿಯ (2026ರ ಮಾರ್ಚ್ 31ರವರೆಗಿನದು) 6ಎಫ್ ವೈದ್ಯರಿಗೆ ಹೇಳಿದ್ದ ದಿನವಹಿ, ಅಂದರೆ ನಮೂನೆ 3ಸಿಯ ಅಂಕಣಗಳನ್ನು ನೋಡಿ: ದಿನಾಂಕ, ಕ್ರಮಸಂಖ್ಯೆ, ರೋಗಿಯ ಹೆಸರು, ಸೇವೆಯ ಬಗೆ, ಬಂದ ಹಣ, ಬಂದ ದಿನ. ಸೇವೆಯ ಬಗೆಗೆ ಅವರೇ ಕೊಟ್ಟ ಉದಾಹರಣೆ ‘ಸಾಮಾನ್ಯ ಸಲಹೆ, ಶಸ್ತ್ರಚಿಕಿತ್ಸೆ, ಇಂಜೆಕ್ಷನ್, ಭೇಟಿ’. ತೆರಿಗೆ ಇಲಾಖೆಯೇ ರೋಗದ ಹೆಸರು ಕೇಳಿಲ್ಲ, ಆಡಿಟರ್ ಆಫೀಸಿನ ಟ್ಯಾಲಿ ಲೆಕ್ಕದ ಸಾಫ್ಟ್‌ವೇರಿನ ವಿವರಣೆ ಸಾಲಿನಲ್ಲಿ ಅದನ್ನು ಯಾಕೆ ಬರೆಸುತ್ತೀರಿ?

ಜಿಎಸ್‌ಟಿ ವಿಷಯ ಚುಟುಕಾಗಿ: ಕ್ಲಿನಿಕ್, ನೋಂದಾಯಿತ ವೈದ್ಯರು ಮತ್ತು ಅರೆವೈದ್ಯಕೀಯ ಸಿಬ್ಬಂದಿ ಕೊಡುವ ಆರೋಗ್ಯ ಸೇವೆಗೆ 2017ರ ಜೂನ್ 28ರ 12/2017 ಅಧಿಸೂಚನೆಯ ವಿನಾಯಿತಿ ಇದೆ. ಜಿಎಸ್‌ಟಿ ನೋಂದಣಿ ಇದ್ದವರು ಅಂಥ ಸೇವೆಗೆ ಕೊಡಬೇಕಾದ್ದು ‘ಬಿಲ್ ಆಫ್ ಸಪ್ಲೈ’. ಅದರ ಸಂಖ್ಯೆ 16 ಅಕ್ಷರ ಮೀರುವಂತಿಲ್ಲ. ಕಂಪನಿಗಳಿಗೆ ಮಾಡುವ ತರಬೇತಿ, ಪ್ರೇರಣಾ ಭಾಷಣ ಆರೋಗ್ಯ ಸೇವೆ ಅಲ್ಲ, ಅವುಗಳ ಬಿಲ್ ಪುಸ್ತಕ ಬೇರೆ ಇಡಿ.

ಇಟ್ಟುಕೊಳ್ಳುವ ಅವಧಿಯೂ ಬೇರೆ ಬೇರೆ. ಜಿಎಸ್‌ಟಿ ದಾಖಲೆ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು. ವೈದ್ಯರ ಒಳರೋಗಿ ದಾಖಲೆ 2002ರ ನಿಯಮದಂತೆ ಚಿಕಿತ್ಸೆ ಶುರುವಾದ ದಿನದಿಂದ ಕನಿಷ್ಠ ಮೂರು ವರ್ಷ. ಎರಡನ್ನೂ ಒಂದೇ ಪಿನ್‌ನಲ್ಲಿ ಸೇರಿಸಿದರೆ ಯಾವುದನ್ನು ಯಾವಾಗ ಹರಿಯಬೇಕೆಂಬ ಲೆಕ್ಕವೇ ಕೆಡುತ್ತದೆ.

ಫೀಸು ಬಾಕಿ ಇದೆ. ಕೊಡುವ ತನಕ ಸಾರಾಂಶ, ದಾಖಲೆ ತಡೆಹಿಡಿಯಬಹುದೇ?

ಬೇಡ. 25ನೇ ಸೆಕ್ಷನ್ ದಾಖಲೆಯ ಹಕ್ಕನ್ನು ಫೀಸಿಗೆ ಕಟ್ಟಿಲ್ಲ. ವೈದ್ಯರಾದರೆ, ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂಬ 2002ರ ನಿಯಮವೂ ಇದೆ. ಬಾಕಿಯನ್ನು ಬಾಕಿಯಾಗಿಯೇ ಕೇಳಿ. ಬಾಕಿ ನೆನಪಿಸುವ ಸಂದೇಶದಲ್ಲಿ ‘ನಿಮ್ಮ ಕೌನ್ಸೆಲಿಂಗ್ ಬಾಕಿ’ ಎಂದು ಬರೆಯದೆ ‘ಬಿಲ್ 0147ರ ಬಾಕಿ’ ಎನ್ನಿ.

ಪೊಲೀಸರು ಅಥವಾ ವಕೀಲರು ಬಿಲ್ ಜೊತೆ ನೋಟ್ಸ್ ಕೇಳಿದರೆ?

ವಕೀಲರ ನೋಟಿಸ್ ನ್ಯಾಯಾಲಯದ ಆದೇಶವಲ್ಲ. ‘ಆದೇಶದ ಪ್ರತಿ ಕೊಡಿ, ಅದರಲ್ಲಿ ಹೇಳಿದಷ್ಟನ್ನು ಮೊಹರು ಮಾಡಿದ ಲಕೋಟೆಯಲ್ಲಿ ನ್ಯಾಯಾಲಯಕ್ಕೇ ಸಲ್ಲಿಸುತ್ತೇವೆ’ ಎಂದು ಲಿಖಿತವಾಗಿ ಉತ್ತರಿಸಿ, ನಿಮ್ಮ ವಕೀಲರಿಗೆ ಒಂದು ಮಾತು ಹೇಳಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದರೆ ಮಾತ್ರ ಕಾಯುವಂತಿಲ್ಲ: ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವರದಿ ಮಾಡುವುದು ನಿಮ್ಮ ಮೇಲಿನ ಕಡ್ಡಾಯ ಹೊಣೆ.

ಟಿಪ್ಪಣಿ ತಪ್ಪಿ ಬಿಲ್ ಜೊತೆ ಹೋಗಿಬಿಟ್ಟಿದೆ. ಈಗ?

ಮೊದಲು ಅಳಿಸಿ. ವಾಟ್ಸಾಪಿನಲ್ಲಿ ಎಲ್ಲರಿಗೂ ಅಳಿಸುವ ಆಯ್ಕೆ ಸುಮಾರು ಎರಡೂವರೆ ದಿನ ಸಿಗುತ್ತದೆ. ಆದರೆ ಅಷ್ಟರಲ್ಲಿ ಅವರು ಫೈಲ್ ಉಳಿಸಿಕೊಂಡಿದ್ದರೆ ಅದು ಹೋಗುವುದಿಲ್ಲ. ಜಿಮೇಲ್‌ನಲ್ಲಿ ಕಳಿಸಿದ್ದನ್ನು ಹಿಂಪಡೆಯಲು ಹೆಚ್ಚೆಂದರೆ 30 ಸೆಕೆಂಡು. ಆಮೇಲೆ ಆ ಟಿಪ್ಪಣಿ ಯಾರದೋ ಅವರಿಗೆ ಅದೇ ದಿನ ಫೋನ್ ಮಾಡಿ ಹೇಳಿ: ಯಾವ ಹಾಳೆ, ಯಾರಿಗೆ, ಎಷ್ಟು ಹೊತ್ತಿಗೆ. ಬಹಳ ಜನ ಈ ಫೋನನ್ನೇ ಮುಂದೂಡುತ್ತಾರೆ. ಅವರಿಗೆ ಎಚ್‌ಆರ್ ಬಾಯಿಂದ ಗೊತ್ತಾಗುವುದಕ್ಕಿಂತ ನಿಮ್ಮಿಂದ ಗೊತ್ತಾಗುವುದು ಲೇಸು. ಪಡೆದವರಿಗೆ ‘ತಪ್ಪಿ ಬಂದಿದೆ, ಅಳಿಸಿ, ಮುಂದೆ ಕಳಿಸಬೇಡಿ, ಅಳಿಸಿದ್ದನ್ನು ತಿಳಿಸಿ’ ಎಂದು ಬರೆಯಿರಿ. ಬರೆಯುವಾಗ ಹಾಳೆಯಲ್ಲಿ ಏನಿತ್ತೆಂದು ಮತ್ತೆ ವಿವರಿಸಬೇಡಿ. ಆದದ್ದನ್ನು ನಿಮ್ಮ ಪುಸ್ತಕದಲ್ಲಿ ದಿನಾಂಕ ಹಾಕಿ ದಾಖಲಿಸಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ಸೋರಿಕೆಯಾದರೆ ಸಂಬಂಧಪಟ್ಟ ವ್ಯಕ್ತಿಗೆ ಮತ್ತು ದತ್ತಾಂಶ ಸಂರಕ್ಷಣಾ ಮಂಡಳಿಗೆ ತಿಳಿಸುವ ಹೊಣೆಯನ್ನು ಬರೆದಿದ್ದಾರೆ, ಅದು ಹಂತ ಹಂತವಾಗಿ ಜಾರಿಗೆ ಬರುವ ಕಾಯ್ದೆ. ಭದ್ರತಾ ಲೋಪಕ್ಕೆ ಅದು ಇಟ್ಟಿರುವ ದಂಡದ ಗರಿಷ್ಠ ಮಿತಿ ₹250 ಕೋಟಿ.

ವರ್ಷಗಟ್ಟಲೆ ಬಿಲ್ ಪ್ರತಿಗೆ ಟಿಪ್ಪಣಿ ಪಿನ್ ಹೊಡೆದೇ ಇಟ್ಟಿದ್ದೇವೆ. ಎಲ್ಲಿಂದ ಶುರು ಮಾಡುವುದು?

ಈ ವರ್ಷ ಆಡಿಟರ್‌ಗೆ ಹೋಗಬೇಕಾದ ಕಟ್ಟಿನಿಂದ. ಭಾನುವಾರ ಕ್ಲಿನಿಕ್ ಮುಚ್ಚಿದಾಗ ನೀವೇ ಕೂತು ಪಿನ್ ತೆಗೆಯಿರಿ, ಸಹಾಯಕರಿಗೆ ಒಪ್ಪಿಸಬೇಡಿ. ಬಿಲ್ ಒಂದು ಬಾಕ್ಸ್ ಫೈಲಿಗೆ, ಬಿಲ್ ಸಂಖ್ಯೆಯ ಕ್ರಮದಲ್ಲಿ. ಟಿಪ್ಪಣಿ ಇನ್ನೊಂದಕ್ಕೆ, ಸಿ-212ರಂಥ ನೋಂದಣಿ ಕ್ರಮಾಂಕದ ಪ್ರಕಾರ, ಹಾಳೆಯ ಮೇಲಿನ ಹೆಸರಿಗೆ ಕಪ್ಪು ಮಾರ್ಕರ್ ಎಳೆದು. ಎಳೆದ ಮೇಲೆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಬಾಲ್‌ಪೆನ್ ಒತ್ತಿ ಬರೆದಿದ್ದರೆ ಅಕ್ಷರ ಹಿಂಬದಿಯಿಂದ ಕಾಣುತ್ತದೆ, ಆಗ ಆ ತುದಿಯನ್ನು ಕತ್ತರಿಸಿಬಿಡಿ. ಹೆಸರಿಗೂ ಕ್ರಮಾಂಕಕ್ಕೂ ಕೊಂಡಿಯಾಗುವ ಪುಸ್ತಕ ಒಂದೇ ಒಂದು ಇರಲಿ, ಅದು ಬೀಗ ಹಾಕಿದ ಡ್ರಾಯರ್‌ನಲ್ಲಿ. ಬೇಡವಾದ ಜೆರಾಕ್ಸ್ ಪ್ರತಿಗಳನ್ನು ಹಳೆ ಪೇಪರ್ ಅಂಗಡಿಗೆ ಹಾಕಬೇಡಿ. ಆ ಹಾಳೆಗಳು ಸಂಜೆ ಕಡಲೆಪುರಿ ಪೊಟ್ಟಣವಾಗಿ ಅದೇ ಬೀದಿಗೆ ಬರುತ್ತವೆ. ಚೂರು ಮಾಡಿ ಸುಟ್ಟುಬಿಡಿ.